ಪೇಟೆ ಎದ್ದಿತು, ಕೇರಿಗಳು ಕಾಯುತ್ತಿವೆ

1998ರ ಅಕ್ಟೋಬರ್ 24ರ ಸಂಜೆ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಒಂದು ಅಂಗಡಿಯನ್ನು ಸ್ಫೋಟಕ ಇಟ್ಟು ಕೆಡವಿದರು. ನೋಡಲು ಜನ ಕಿಕ್ಕಿರಿದು ಸೇರಿದ್ದರು. ಜೆ.ಎಲ್. ಹಡ್ಸನ್ಸ್ ಎಂಬ ಆ ಮಳಿಗೆಯ ವಿಸ್ತಾರ ಇಪ್ಪತ್ತು ಲಕ್ಷ ಚದರ ಅಡಿಗೂ ಮಿಗಿಲು. ನ್ಯೂಯಾರ್ಕಿನ ಮೇಸೀಸ್ ಒಂದನ್ನು ಬಿಟ್ಟರೆ ಅಮೆರಿಕದಲ್ಲಿ ಅದಕ್ಕಿಂತ ದೊಡ್ಡ ಮಳಿಗೆ ಇರಲಿಲ್ಲ. ಹಬ್ಬದ ಬಟ್ಟೆ, ಮದುವೆಯ ಉಡುಗೊರೆ, ಮಕ್ಕಳ ಆಟಿಕೆ ಎಲ್ಲಕ್ಕೂ ಊರಿನ ತಲೆಮಾರುಗಳು ಹೋಗುತ್ತಿದ್ದುದು ಅಲ್ಲಿಗೇ. 1983ರಲ್ಲಿ ಅದು ಬಾಗಿಲು ಹಾಕಿತು. ಪಾಳುಬಿದ್ದ ಕಟ್ಟಡ ತೊಲಗಿದರೆ ಹೊಸ ಬಂಡವಾಳ ಬಂದೀತು ಎಂಬುದು ನಗರಾಡಳಿತದ ಲೆಕ್ಕಾಚಾರ. ದುರಸ್ತಿ ಮಾಡಿ ಉಳಿಸಿಕೊಳ್ಳಬಹುದಿತ್ತು ಎಂಬುದು ಹಳೆಯ ಕಟ್ಟಡಗಳ ಪರ ನಿಂತವರ ವಾದ.

ಬಂಡವಾಳ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. 2017ರ ಕೊನೆಯಲ್ಲಿ ಅದೇ ನಿವೇಶನದಲ್ಲಿ ಕೆಲಸ ಶುರುವಾಗಿ ಈಗ 200 ಮೀಟರ್‌ಗಿಂತ ಎತ್ತರದ ಗೋಪುರ ಎದ್ದಿದೆ. ತನ್ನ ಮುಖ್ಯ ಕಚೇರಿಯನ್ನು ಅಲ್ಲಿಗೆ ತರುವುದಾಗಿ ಜನರಲ್ ಮೋಟರ್ಸ್ 2024ರಲ್ಲಿ ಸಾರಿತು. ಹಾಗಾದರೆ ಡೆಟ್ರಾಯಿಟ್ ಚೇತರಿಸಿಕೊಂಡಿತೇ? ಈ ಪ್ರಶ್ನೆಗೆ ಊರವರು ಒಂದೇ ಉತ್ತರ ಕೊಡುವುದಿಲ್ಲ. ಉತ್ತರ ಯಾರದು, ಅವರ ಮನೆ ಯಾವ ಬೀದಿಯಲ್ಲಿದೆ, ಅವರ ಅಜ್ಜ ಅಜ್ಜಿಯರು ಎಲ್ಲಿದ್ದರು ಎಂಬುದರ ಮೇಲೆ ಅದು ಬದಲಾಗುತ್ತದೆ.

ಮೊದಲ ಭಿನ್ನಮತ ಇರುವುದು ಕುಸಿತದ ಬಗ್ಗೆಯೇ. ಕಾರುಗಳ ರಾಜಧಾನಿ ಎನಿಸಿಕೊಂಡಿದ್ದ ಈ ನಗರದಲ್ಲಿ 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದರು. 2020ರ ಜನಗಣತಿಯ ಹೊತ್ತಿಗೆ ಉಳಿದವರು 6,39,111. ಮೂರರಲ್ಲಿ ಎರಡು ಪಾಲು ಜನ ಖಾಲಿಯಾದದ್ದು ಯಾಕೆ?

ಊರು ಬಿಟ್ಟು ಉಪನಗರಗಳಿಗೆ ಹೋದ ಬಿಳಿಯ ಕುಟುಂಬಗಳಲ್ಲಿ ಹಲವರು ಹೇಳುತ್ತ ಬಂದಿರುವುದು 1967ರ ಕಥೆ. ಆ ವರ್ಷದ ಜುಲೈ 23ರ ನಸುಕಿನಲ್ಲಿ ಪರವಾನಗಿಯಿಲ್ಲದ ಮದ್ಯದಂಗಡಿಯೊಂದರ ಮೇಲೆ ಪೊಲೀಸರು ದಾಳಿ ಮಾಡಿದರು. ಅಲ್ಲಿ ಹೊತ್ತಿಕೊಂಡ ಕಿಡಿ ನಗರವನ್ನೇ ಆವರಿಸಿತು. ಸೈನ್ಯ ಇಳಿಯಬೇಕಾಯಿತು, 43 ಜನ ಸತ್ತರು, ಸಾಲುಸಾಲು ಅಂಗಡಿಗಳು ಸುಟ್ಟುಹೋದವು. ಅದಾದ ಮೇಲೆ ಪೇಟೆಗೆ ಹೋಗಲು ಹೆದರಿಕೆಯಾಯಿತು, ಊರು ಹಾಳಾದದ್ದು ಅಲ್ಲಿಂದಲೇ ಎಂಬುದು ಅವರ ಅನುಭವ. 1974ರಿಂದ ಇಪ್ಪತ್ತು ವರ್ಷ ಮೇಯರ್ ಆಗಿದ್ದ ಕೋಲ್ಮನ್ ಯಂಗ್ ಅವರನ್ನೂ ಈ ಕಡೆಯವರು ದೂರುತ್ತಾರೆ. ನಗರದಲ್ಲೇ ಉಳಿದ ಕಪ್ಪುವರ್ಣೀಯರಲ್ಲಿ ಬಹಳ ಜನರಿಗೆ ಅದೇ ಯಂಗ್, ಪೊಲೀಸ್ ಇಲಾಖೆಯ ಬಾಗಿಲನ್ನು ತಮಗೆ ತೆರೆದ ಮೊದಲ ಕಪ್ಪುವರ್ಣೀಯ ಮೇಯರ್.

ಉಳಿದವರು ಹೇಳುವ ಕಥೆ 1967ಕ್ಕಿಂತ ಹಿಂದೆಯೇ ಶುರುವಾಗುತ್ತದೆ. ಅದಕ್ಕೆ ದಾಖಲೆಗಳ ಬೆಂಬಲವೂ ಇದೆ. ಡೆಟ್ರಾಯಿಟಿನಲ್ಲೇ ಹುಟ್ಟಿದ ಇತಿಹಾಸಕಾರ ಥಾಮಸ್ ಸುಗ್ರೂ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1947ರಿಂದ 1963ರ ನಡುವೆಯೇ ನಗರ 1,34,000 ಕಾರ್ಖಾನೆ ಕೆಲಸಗಳನ್ನು ಕಳೆದುಕೊಂಡಿತ್ತು. ಕಾರು ಕಂಪನಿಗಳು ಹೊಸ ಕಾರ್ಖಾನೆಗಳನ್ನು ನಗರದ ಗಡಿಯಾಚೆ, ಅಗ್ಗದ ವಿಶಾಲ ಜಮೀನಿನಲ್ಲಿ ಕಟ್ಟಿದವು. ಕೆಲಸದ ಹಿಂದೆ ಮನೆಗಳೂ ಹೊರಟವು. ಆದರೆ ಹೊರಡುವ ಅವಕಾಶ ಎಲ್ಲರಿಗೂ ಇರಲಿಲ್ಲ. ಸರ್ಕಾರದ ಗೃಹಸಾಲ ಖಾತರಿ ಬಿಳಿಯರ ಬಡಾವಣೆಗಳಿಗೆ ಸುಲಭವಾಗಿ ಸಿಗುತ್ತಿತ್ತು, ಕಪ್ಪುವರ್ಣೀಯರ ಕೇರಿಗಳಿಗೆ ಸಿಗುತ್ತಿರಲಿಲ್ಲ. ಎರಡು ಬಡಾವಣೆಗಳನ್ನು ಬೇರ್ಪಡಿಸಲೆಂದೇ 1941ರಲ್ಲಿ ಎದ್ದ ಕಾಂಕ್ರೀಟ್ ಗೋಡೆಯೊಂದು ಏಟ್ ಮೈಲ್ ರಸ್ತೆಯ ಬಳಿ ಇಂದಿಗೂ ನಿಂತಿದೆ.

ಪೇಟೆಯ ಪಕ್ಕದಲ್ಲೇ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಎಂಬ ಕೇರಿಗಳಿದ್ದವು. ಹೇಸ್ಟಿಂಗ್ಸ್ ಬೀದಿಯ ಉದ್ದಕ್ಕೂ ಕಪ್ಪುವರ್ಣೀಯರ ಅಂಗಡಿ, ಹೋಟೆಲು, ಔಷಧದಂಗಡಿ, ಜಾಜ್ ಸಂಗೀತದ ಕ್ಲಬ್ಬುಗಳು. ಐವತ್ತರ ದಶಕದಿಂದ ಕೊಳೆಗೇರಿ ನಿರ್ಮೂಲನೆಯ ಹೆಸರಿನಲ್ಲಿ ಅವನ್ನು ನೆಲಸಮ ಮಾಡಿ, ಹೇಸ್ಟಿಂಗ್ಸ್ ಬೀದಿಯ ಜಾಗದಲ್ಲೇ ಹೆದ್ದಾರಿ ಹಾಕಿದರು. ಬಾಡಿಗೆಗಿದ್ದವರಿಗೆ ಹೇಳಿಕೊಳ್ಳುವಂಥ ಪರಿಹಾರವೇ ಸಿಗಲಿಲ್ಲ. ಹಾಗಾಗಿ ಹಳೆಯ ಡೆಟ್ರಾಯಿಟಿನ ವೈಭವದ ನೆನಪು ಬಂದಾಗ ಇವರಿಗೆ ಹಡ್ಸನ್ಸ್ ಜೊತೆಗೆ ಹೇಸ್ಟಿಂಗ್ಸ್ ಬೀದಿಯೂ ನೆನಪಾಗುತ್ತದೆ.

ಹಡ್ಸನ್ಸ್ ಮುಚ್ಚಿದ್ದರಲ್ಲೂ ಇದೇ ಇತಿಹಾಸದ ಎಳೆ ಇದೆ. 1954ರಲ್ಲಿ ನಾರ್ತ್‌ಲ್ಯಾಂಡ್ ಎಂಬ ದೊಡ್ಡ ಶಾಪಿಂಗ್ ಸೆಂಟರನ್ನು ಪಕ್ಕದ ಸೌತ್‌ಫೀಲ್ಡ್‌ನಲ್ಲಿ ತೆರೆದದ್ದು ಸ್ವತಃ ಹಡ್ಸನ್ಸ್ ಕಂಪನಿಯೇ. ಕಾರು ನಿಲ್ಲಿಸಲು ಸಾವಿರಾರು ಜಾಗ, ಎಲ್ಲವೂ ಒಂದೇ ಕಡೆ. ಗಿರಾಕಿ ಅತ್ತ ಹೋದ ಮೇಲೆ ಪೇಟೆಯ ಮೂಲ ಅಂಗಡಿ ದಿನೇದಿನೇ ಸೊರಗಿತು.

ಪೇಟೆಯನ್ನು ಮೇಲೆತ್ತುವ ಪ್ರಯತ್ನಗಳಿಗೂ ಅರ್ಧ ಶತಮಾನ ತುಂಬಿದೆ. ಎರಡನೇ ಹೆನ್ರಿ ಫೋರ್ಡ್ ಮುಂದೆ ನಿಂತು ನದಿಯ ದಡದಲ್ಲಿ ಕಟ್ಟಿಸಿದ ರಿನೈಸಾನ್ಸ್ ಸೆಂಟರ್ 1977ರಲ್ಲಿ ತೆರೆಯಿತು. ನಡುವೆ 73 ಮಹಡಿಯ ಹೋಟೆಲು, ಸುತ್ತ ಕಚೇರಿಗಳ ಗೋಪುರಗಳು. ಆದರೆ ರಸ್ತೆಯ ಕಡೆಗೆ ಎತ್ತರದ ಕಾಂಕ್ರೀಟ್ ದಿಬ್ಬ ಇದ್ದುದರಿಂದ ಅದು ಕೋಟೆಯಂತೆ ಊರಿಗೆ ಬೆನ್ನು ಹಾಕಿ ನಿಂತಿತು. ನೌಕರರು ಕಾರಿನಲ್ಲಿ ಒಳಗೆ ಬಂದು, ಒಳಗೇ ಉಂಡು, ಕಾರಿನಲ್ಲೇ ಮರಳುತ್ತಿದ್ದರು. ಹೊರಗಿನ ಬೀದಿಯ ಅಂಗಡಿಗಳಿಗೆ ಅದರಿಂದ ಹೆಚ್ಚೇನೂ ಗಿಟ್ಟಲಿಲ್ಲ. 1987ರಲ್ಲಿ ಓಡತೊಡಗಿದ ಪೀಪಲ್ ಮೂವರ್ ಎಂಬ ಮೇಲ್ಸೇತುವೆಯ ಪುಟ್ಟ ರೈಲು ಪೇಟೆಯೊಳಗೇ ಐದು ಕಿಲೋಮೀಟರಿಗೂ ಕಡಿಮೆ ದೂರ ಸುತ್ತು ಹಾಕುತ್ತದೆ. ಊರಿನ ಬೇರೆ ಭಾಗಗಳಿಂದ ಕಾರಿಲ್ಲದೆ ಕೆಲಸಕ್ಕೆ ಬರುವವರಿಗೆ ಹೆಚ್ಚಾಗಿ ಬಸ್ಸೇ ಗತಿ.

2010ರಲ್ಲಿ ಗಾಳಿ ಬದಲಾಯಿತು. ಗೃಹಸಾಲದ ಉದ್ಯಮಿ ಡ್ಯಾನ್ ಗಿಲ್ಬರ್ಟ್ ತಮ್ಮ ಕಂಪನಿಯನ್ನು ಉಪನಗರದಿಂದ ನಡುಪೇಟೆಗೆ ತಂದರು. ಖಾಲಿ ಕಟ್ಟಡಗಳನ್ನು ಅಗ್ಗದ ಬೆಲೆಗೆ ಒಂದರ ಹಿಂದೊಂದು ಕೊಂಡು ದುರಸ್ತಿ ಮಾಡಿಸಿದರು. 2013ರ ಜುಲೈನಲ್ಲಿ ನಗರಾಡಳಿತ ಸುಮಾರು 1,800 ಕೋಟಿ ಡಾಲರ್ ಹೊಣೆ ಹೊತ್ತು ದಿವಾಳಿ ಅರ್ಜಿ ಹಾಕಿದಾಗಲೂ ಪೇಟೆಯ ಕಟ್ಟಡ ಕೆಲಸ ನಿಲ್ಲಲಿಲ್ಲ. 1913ರಲ್ಲಿ ತೆರೆದು 1988ರಲ್ಲಿ ಕೊನೆಯ ರೈಲು ಕಳಿಸಿದ ಮಿಷಿಗನ್ ಸೆಂಟ್ರಲ್ ನಿಲ್ದಾಣವನ್ನು ಕೆಡವಬೇಕೆಂದು 2009ರಲ್ಲಿ ನಗರಸಭೆಯೇ ನಿರ್ಣಯ ಮಾಡಿತ್ತು. ಅದನ್ನು 2018ರಲ್ಲಿ ಫೋರ್ಡ್ ಕೊಂಡು, ಜೀರ್ಣೋದ್ಧಾರ ಮಾಡಿ, 2024ರ ಜೂನ್‌ನಲ್ಲಿ ಜನರಿಗೆ ತೆರೆಯಿತು. ಕೆಡವಿ ಎಂದವರೂ ಉಳಿಸಿ ಎಂದವರೂ ಅಂದು ಸಾಲಿನಲ್ಲಿ ನಿಂತು ಒಳಗೆ ಹೋಗಿ ನೋಡಬಹುದಿತ್ತು.

ಈ ಬದಲಾವಣೆಯನ್ನು ಮೆಚ್ಚುವ ನಿವಾಸಿಗಳು ಅನೇಕರಿದ್ದಾರೆ. ಅವರ ಮಾತಿನಲ್ಲಿ ಹುರುಳೂ ಇದೆ. ರಾತ್ರಿ ಬೀದಿಯಲ್ಲಿ ದೀಪ ಉರಿಯುತ್ತದೆ, ಕ್ಯಾಂಪಸ್ ಮಾರ್ಷಿಯಸ್ ಉದ್ಯಾನದಲ್ಲಿ ಮಕ್ಕಳು ಆಡುತ್ತಾರೆ, ಕೆಲಸ ಹುಡುಕಿ ಹುಡುಗರು ಬೇರೆ ರಾಜ್ಯಕ್ಕೆ ಗುಳೆ ಹೋಗಬೇಕಿಲ್ಲ ಎನ್ನುತ್ತಾರೆ. 1957ರ ನಂತರ ಮೊದಲ ಬಾರಿಗೆ 2023ರಲ್ಲಿ ನಗರದ ಜನಸಂಖ್ಯೆ ಏರಿತು. 2024ರ ಅಂದಾಜು 6,45,705.

ಆದರೆ ನಗರದ ಒಟ್ಟು ವಿಸ್ತೀರ್ಣ ಸುಮಾರು 360 ಚದರ ಕಿಲೋಮೀಟರ್. ಹೊಸ ಹಣ ಹೆಚ್ಚಾಗಿ ಹರಿದದ್ದು ಪೇಟೆ ಮತ್ತು ಅದರ ಆಸುಪಾಸಿನ 19 ಚದರ ಕಿಲೋಮೀಟರ್‌ನಲ್ಲಿ. ಹಳಬರಿಗೆ ಇದು ಯಾರ ಊರು ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ. 2017ರ ಜುಲೈನಲ್ಲಿ ಗಿಲ್ಬರ್ಟ್ ಅವರ ಕಂಪನಿ ಪೇಟೆಯ ಕಟ್ಟಡವೊಂದರ ಗಾಜಿನ ಮೇಲೆ ಒಂದು ದೊಡ್ಡ ಜಾಹೀರಾತು ಅಂಟಿಸಿತು. ನಮ್ಮ ಕಣ್ಣಿನಲ್ಲಿ ಡೆಟ್ರಾಯಿಟ್ ನೋಡಿ ಎಂಬ ಅರ್ಥದ ಆ ಚಿತ್ರದಲ್ಲಿದ್ದ ಗುಂಪು ಬಹುಪಾಲು ಬಿಳಿಯರದು. ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಜನ ಕಪ್ಪುವರ್ಣೀಯರಿರುವ ನಗರ ಸಿಡಿದೆದ್ದಿತು. ಗಿಲ್ಬರ್ಟ್ ಕ್ಷಮೆ ಕೇಳಿದರು, ಜಾಹೀರಾತನ್ನು ತೆಗೆಸಿದರು.

ಜಗಳದ ಆಳದಲ್ಲಿರುವುದು ತೆರಿಗೆ. ಪೇಟೆಯ ಗಡಿಯೊಳಗೆ ಆಸ್ತಿಯ ಬೆಲೆ ಏರಿದಾಗ, ಆ ಏರಿಕೆಯಿಂದ ಬರುವ ಹೆಚ್ಚುವರಿ ತೆರಿಗೆಯ ದೊಡ್ಡ ಪಾಲನ್ನು ಪೇಟೆಯ ಅಭಿವೃದ್ಧಿಗೇ ಮೀಸಲಿಡಲು ಮಿಷಿಗನ್ ರಾಜ್ಯದ ಕಾನೂನು ಅವಕಾಶ ಕೊಡುತ್ತದೆ. ಹೀಗೆ ಎತ್ತಿಟ್ಟ ಹಣ ಸೇರಿ 2017ರಲ್ಲಿ ತೆರೆದ ಲಿಟಲ್ ಸೀಸರ್ಸ್ ಅರೀನಾ ಕ್ರೀಡಾಂಗಣಕ್ಕೆ ಸಂದ ಸಾರ್ವಜನಿಕ ಹಣ ಸುಮಾರು 32.4 ಕೋಟಿ ಡಾಲರ್. ಕ್ರೀಡಾಂಗಣದ ಸುತ್ತ ಮನೆ, ಅಂಗಡಿಗಳ ಹೊಸ ಬಡಾವಣೆಗಳು ಬರುತ್ತವೆ ಎಂಬ ಭರವಸೆಯೂ ಜೊತೆಗಿತ್ತು. ವರ್ಷಗಳು ಕಳೆದರೂ ಅಲ್ಲಿ ಕಣ್ಣಿಗೆ ಬೀಳುತ್ತಿದ್ದುದು ಹೆಚ್ಚಾಗಿ ಕಾರು ನಿಲುಗಡೆಯ ಬಯಲು. ಹಡ್ಸನ್ಸ್ ನಿವೇಶನದ ಗೋಪುರಕ್ಕೂ 2022ರಲ್ಲಿ ನಗರಸಭೆ ಸುಮಾರು 6 ಕೋಟಿ ಡಾಲರ್ ತೆರಿಗೆ ವಿನಾಯಿತಿ ಕೊಟ್ಟಿತು. ಡೆಟ್ರಾಯಿಟಿನಲ್ಲಿ ಸಿಗುವ ಬಾಡಿಗೆಯಿಂದ ಕಟ್ಟುವ ಖರ್ಚು ಹುಟ್ಟುವುದಿಲ್ಲ, ವಿನಾಯಿತಿ ಇಲ್ಲದಿದ್ದರೆ ಯಾರೂ ಕಟ್ಟುವುದಿಲ್ಲ ಎಂಬುದು ಪರವಾಗಿದ್ದವರ ವಾದ.

ಕೇರಿಗಳಲ್ಲಿರುವವರು ಈ ಲೆಕ್ಕದ ಪಕ್ಕದಲ್ಲಿ ತಮ್ಮ ಲೆಕ್ಕ ಇಡುತ್ತಾರೆ. 2010ರಿಂದ 2016ರವರೆಗೆ ನಗರಾಡಳಿತ ಮನೆಗಳಿಗೆ ನಿಜಬೆಲೆಗಿಂತ ಹೆಚ್ಚಿನ ಬೆಲೆ ಕಟ್ಟಿ, ಒಟ್ಟು ಕನಿಷ್ಠ 60 ಕೋಟಿ ಡಾಲರ್ ಹೆಚ್ಚು ತೆರಿಗೆ ಹಾಕಿತ್ತು ಎಂದು ಡೆಟ್ರಾಯಿಟ್ ನ್ಯೂಸ್ ಪತ್ರಿಕೆ 2020ರಲ್ಲಿ ಬಯಲಿಗೆಳೆಯಿತು. ಆ ವರ್ಷಗಳಲ್ಲಿ ತೆರಿಗೆ ಬಾಕಿಗಾಗಿ ಜಪ್ತಿಯಾದ ಮನೆಗಳು ಹತ್ತಾರು ಸಾವಿರ. 2014ರಲ್ಲಿ ಬಿಲ್ ಬಾಕಿ ಉಳಿಸಿಕೊಂಡ ಸಾವಿರಾರು ಮನೆಗಳ ನೀರಿನ ಸಂಪರ್ಕ ಕಡಿದರು. ಕೋಟ್ಯಧಿಪತಿಗೆ ವಿನಾಯಿತಿ, ನಿವೃತ್ತ ಕಾರ್ಮಿಕನಿಗೆ ಜಪ್ತಿ ನೋಟಿಸು ಎಂದು ಅವರು ಕೇಳಿದರೆ ಅದನ್ನು ಅಭಿವೃದ್ಧಿಯ ವಿರೋಧ ಎಂದು ತಳ್ಳಿಹಾಕುವುದು ಅನ್ಯಾಯ. ಅವರಿಗೂ ಪೇಟೆ ಬೇಕು. ತಮ್ಮ ಪಾಲೂ ಬೇಕು.

ಆ ಪಾಲು ಕೇಳಲು 2016ರಲ್ಲಿ ಒಂದು ದಾರಿ ತೆರೆಯಿತು. ಅಮೆರಿಕದಲ್ಲೇ ಮೊದಲನೆಯದು ಎನ್ನಲಾದ ಸ್ಥಳೀಯ ಕಾನೂನೊಂದನ್ನು ಮತದಾರರು ಒಪ್ಪಿದರು. ಸಾರ್ವಜನಿಕ ನೆರವು ಪಡೆಯುವ, 7.5 ಕೋಟಿ ಡಾಲರ್ ಮೀರಿದ ಯೋಜನೆಯ ಮಾಲೀಕರು ಸುತ್ತಲಿನ ನಿವಾಸಿಗಳ ಒಂಬತ್ತು ಜನರ ಸಮಿತಿಯೊಂದಿಗೆ ಕೂತು ಮಾತಾಡಬೇಕು. ಅಂದು ಮತಪತ್ರದಲ್ಲಿ ಎರಡು ಪ್ರಸ್ತಾವಗಳಿದ್ದವು, ಗೆದ್ದದ್ದು ಮೆದುವಾದದ್ದು. ಒಂಬತ್ತರಲ್ಲಿ ಇಬ್ಬರನ್ನು ಮಾತ್ರ ನಿವಾಸಿಗಳು ನೇರವಾಗಿ ಆರಿಸುತ್ತಾರೆ. ಇದಕ್ಕೆ ಹಲ್ಲಿಲ್ಲ ಎನ್ನುವವರೂ, ಇಷ್ಟಾದರೂ ಸಿಕ್ಕಿತಲ್ಲ ಎನ್ನುವವರೂ ಒಂದೇ ಬೀದಿಯಲ್ಲಿ ಸಿಗುತ್ತಾರೆ.

ಇನ್ನು ಕೆಲವರು ಯಾರ ಬಂಡವಾಳಕ್ಕೂ ಕಾಯದೆ ದುಡಿದಿದ್ದಾರೆ. 2015ರಲ್ಲಿ ನೂರು ತುಂಬಿ ತೀರಿಕೊಂಡ ಚಿಂತಕಿ ಗ್ರೇಸ್ ಲೀ ಬಾಗ್ಸ್ ಬಳಗದ ಯುವಕರು ತೊಂಬತ್ತರ ದಶಕದಿಂದಲೇ ಪಾಳು ನಿವೇಶನಗಳಲ್ಲಿ ತರಕಾರಿ ಬೆಳೆದರು. ಕಪ್ಪುವರ್ಣೀಯರ ಮುಂದಾಳತ್ವದಲ್ಲಿ, ಸದಸ್ಯರೇ ಮಾಲೀಕರಾದ ಸಹಕಾರಿ ದಿನಸಿ ಅಂಗಡಿಯೊಂದು 2024ರಲ್ಲಿ ನಾರ್ತ್ ಎಂಡ್ ಬಡಾವಣೆಯಲ್ಲಿ ಬಾಗಿಲು ತೆರೆಯಿತು.

ಈ ಊರಿನೊಂದಿಗೆ ಕನ್ನಡಿಗರ ನಂಟೂ ಇದೆ. ಕಾರು ಉದ್ಯಮದ ಎಂಜಿನಿಯರುಗಳಾಗಿ ಬಂದ ಅನೇಕ ಕುಟುಂಬಗಳು ದಶಕಗಳಿಂದ ಇಲ್ಲಿವೆ. ಇಲ್ಲಿನ ಪಂಪ ಕನ್ನಡ ಕೂಟ ಹಳೆಯದು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2002ರ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಡೆಟ್ರಾಯಿಟಿನಲ್ಲಿ. ಆದರೆ ಅವರು ಮನೆ ಮಾಡಿದ್ದು ಹೆಚ್ಚಾಗಿ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್‌ನಂಥ ಉಪನಗರಗಳಲ್ಲಿ. ನಡುಪೇಟೆ ಅವರಿಗೂ ವಾರಾಂತ್ಯದಲ್ಲಿ ನೋಡಿ ಬರುವ ಜಾಗ.

ಮುಂದಿನ ತೀರ್ಮಾನಗಳು ದೊಡ್ಡವು. ಜನರಲ್ ಮೋಟರ್ಸ್ ಬಿಟ್ಟುಹೋಗಲಿದ್ದ ರಿನೈಸಾನ್ಸ್ ಸೆಂಟರಿನ ಎರಡು ಗೋಪುರ ಕೆಡವಿ ನದಿಯ ದಡವನ್ನು ಜನರಿಗೆ ತೆರೆಯುವ, 160 ಕೋಟಿ ಡಾಲರಿನ ಯೋಜನೆ 2024ರ ನವೆಂಬರ್‌ನಲ್ಲಿ ಹೊರಬಿತ್ತು. ಅದರಲ್ಲಿ 25 ಕೋಟಿಯನ್ನು ಸಾರ್ವಜನಿಕ ಬೊಕ್ಕಸದಿಂದ ಕೇಳಲಾಗಿತ್ತು. ಹೇಸ್ಟಿಂಗ್ಸ್ ಬೀದಿಯನ್ನು ನುಂಗಿದ ಹೆದ್ದಾರಿಯನ್ನು ತುಂಬಿ ಸಾಮಾನ್ಯ ರಸ್ತೆ ಮಾಡುವ ಯೋಜನೆಗೆ 2022ರಲ್ಲಿ ಕೇಂದ್ರದ ಅನುದಾನ ಸಿಕ್ಕಿತ್ತು. ಖರ್ಚು ಏರಿದ್ದರಿಂದ 2025ರಲ್ಲಿ ಅದಕ್ಕೆ ತಡೆ ಬಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಮತದಾರರು ಮೇರಿ ಶೆಫೀಲ್ಡ್ ಅವರನ್ನು ನಗರದ ಮೊದಲ ಮಹಿಳಾ ಮೇಯರ್ ಆಗಿ ಆರಿಸಿದರು. ಪೇಟೆಯ ಏಳಿಗೆ ಕೇರಿಗಳಿಗೆ ತಲುಪಬೇಕೆಂಬುದು ಆ ಚುನಾವಣೆಯ ಮುಖ್ಯ ಮಾತಾಗಿತ್ತು. ಹೆದ್ದಾರಿ ತುಂಬಿದ ಮೇಲೆ ಉಳಿಯುವ ನೆಲ ಯಾರ ಕೈಗೆ ಹೋಗಬೇಕು, ಗೋಪುರ ಕೆಡವಲು ಯಾರ ತೆರಿಗೆ ಖರ್ಚಾಗಬೇಕು ಎಂಬುದನ್ನು ಬ್ಲ್ಯಾಕ್ ಬಾಟಮ್‌ನಿಂದ ಎದ್ದುಹೋದ ಮನೆತನಗಳನ್ನೂ ಕೂರಿಸಿಕೊಂಡು ತೀರ್ಮಾನಿಸುವ ಅವಕಾಶ ಈಗ ನಗರಸಭೆಯ ಮುಂದಿದೆ. 1950ರ ದಶಕದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.