ಬಿಸಿಲಿಗೆ ಬಲ ಎಲ್ಲಿ ಹೋಗುತ್ತದೆ?

ಏಪ್ರಿಲ್ ಬಂತೆಂದರೆ ಆದೋನಿ, ಆಲೂರು, ಹೊಳಗುಂದ, ಕೋಸಿಗಿ ಕಡೆ ಹೊತ್ತೇರುವ ಮೊದಲೇ ಹೊರಗಿನ ಕೆಲಸ ಮುಗಿಸುವ ತರಾತುರಿ. ಮಧ್ಯಾಹ್ನದ ತಾಪ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆದೋನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದವು. ಬಿಸಿಲು ಮಾತ್ರ ಗಡಿಯ ಎರಡೂ ಬದಿಗೆ ಒಂದೇ. ಇಂಥ ದಿನ, ಉಂಡದ್ದು ಎಂದಿನಷ್ಟೇ ಇದ್ದರೂ ಕೈಕಾಲು ಸೋಲುತ್ತವೆ. ಯಾಕೆ?

ಮೈಯೊಳಗಿನ ಬಿಸಿ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ದುಡಿಯುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಕೆಲಸಕ್ಕೆ ಸಿಗುತ್ತದೆ, ಉಳಿದದ್ದೆಲ್ಲ ಶಾಖ. ರಕ್ತ ಅದನ್ನು ಚರ್ಮಕ್ಕೆ ತಂದು ಹಾಕುತ್ತದೆ. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಶಾಖ ಸಲೀಸಾಗಿ ಹೊರಬೀಳುತ್ತದೆ. 42 ಡಿಗ್ರಿಯ ಝಳದಲ್ಲಿ ಎಲ್ಲ ತಿರುಗುಮುರುಗು, ಗಾಳಿಯೇ ಮೈಗೆ ಶಾಖ ತುಂಬುತ್ತದೆ. ಆಗ ಉಳಿದ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಮಣ್ಣಿನ ಗಡಿಗೆ ಹೊರಮೈಯಿಂದ ಜಿನುಗಿ ನೀರು ತಂಪಾಗಿಸುವುದೂ ಹೀಗೆಯೇ.

ಆದೋನಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರ ಅಂಗಿಯ ಬೆನ್ನು ನೋಡಿ. ತೊಯ್ದ ಕಲೆಗಿಂತ ಒಂದರ ಸುತ್ತ ಒಂದು ಬಿದ್ದ ಬಿಳಿ ಗೆರೆಗಳೇ ಎದ್ದು ಕಾಣುತ್ತವೆ. ಅದು ಉಪ್ಪು. ಈ ಒಣ ಹವೆಯಲ್ಲಿ ಬೆವರು ಬಂದ ಹಾಗೇ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂಬುದು ಹೊರುವವನಿಗೇ ಗೊತ್ತಾಗುವುದಿಲ್ಲ. ಭಾರದ ಕೆಲಸದಲ್ಲಿ ಗಂಟೆಗೆ ಒಂದು ಲೀಟರ್ ಹೋಗುವುದು ದೊಡ್ಡ ಮಾತಲ್ಲ. 60 ಕಿಲೋ ತೂಕದ ಆಳಿನ ಮೈಯಿಂದ ಒಂದೂಕಾಲು ಲೀಟರ್ ಹೋದರೆ ಸಾಕು, ದುಡಿಯುವ ಕಸುವು ಇಳಿಯತೊಡಗುತ್ತದೆ.

ನೀರು ಹೋದಂತೆ ರಕ್ತವೂ ಕಡಿಮೆಯಾಗುತ್ತದೆ. ಇದ್ದ ರಕ್ತಕ್ಕೆ ಸ್ನಾಯುವಿನದೂ ಬೇಡಿಕೆ, ಚರ್ಮದ್ದೂ ಬೇಡಿಕೆ. ಹೃದಯ ಜೋರಾಗಿ ಬಡಿದು ಎರಡನ್ನೂ ಸುಧಾರಿಸಲು ನೋಡುತ್ತದೆ. ಆಗದಾಗ ಮೆದುಳು ಸ್ನಾಯುಗಳನ್ನು ಹುರಿದುಂಬಿಸುವುದನ್ನೇ ಕಡಿಮೆ ಮಾಡುತ್ತದೆ. ನಾವು ಸುಸ್ತು ಅನ್ನುವುದು ಬಹುಪಾಲು ಇದನ್ನೇ. ಅದು ಮೈ ಹಾಕುವ ಕಡಿವಾಣ, ಮೈಗಳ್ಳತನವಲ್ಲ.

ಚೀಲಕ್ಕಿಷ್ಟು ಎಂದು ಕೂಲಿ ಎಣಿಸುವ ಕಡೆ ಈ ಕಡಿವಾಣಕ್ಕೆ ಬೆಲೆಯಿಲ್ಲ. ಮೈ ಸಾಕು ಅಂದರೂ ಮನೆಯ ಖರ್ಚು ಇನ್ನೊಂದು ಚೀಲ ಹೊರಿಸುತ್ತದೆ. ಗಟ್ಟಿಮುಟ್ಟಾದ ಆಳುಗಳೂ ಬಿಸಿಲಿಗೆ ಕುಸಿಯುವುದುಂಟು ಎಂಬುದನ್ನು ಮರೆಯಬಾರದು. ನೀರು ಕುಡಿಯಿರಿ ಎಂದು ಅವರಿಗೆ ಬುದ್ಧಿ ಹೇಳುವುದು ಸುಲಭ. ನಡುಹಗಲು ಕೆಲಸ ನಿಲ್ಲಿಸಿ, ಆ ಹೊತ್ತಿನ ಕೂಲಿ ಮುರಿಯದಿರುವುದು ಕೂಲಿ ಕೊಡುವವರ ಕೈಯಲ್ಲಿದೆ.

ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಗಾರೆ ಕೆಲಸ ಮಾಡಿ ಬೇಸಿಗೆಗೆ ಊರಿಗೆ ಬಂದವರ ವಿಷಯವೇ ಬೇರೆ. ಹುಟ್ಟಿದ ಊರೇ ಆದರೂ ಮೈ ಅಲ್ಲಿನ ಬಿಸಿಲನ್ನು ಮರೆತಿರುತ್ತದೆ. ಮತ್ತೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಬರತೊಡಗುತ್ತದೆ, ಅದರಲ್ಲಿ ಉಪ್ಪು ತಗ್ಗುತ್ತದೆ. ಮೊದಲ ದಿನವೇ ಹೊಲಕ್ಕಿಳಿದು ಹಳೇ ಹುರುಪು ತೋರಿಸಹೋದರೆ ಕಷ್ಟ.

ಬೆಳಗಿನ ಉಗ್ಗಾಣಿ, ಮಿರ್ಚಿ ಬೇಡವೆನ್ನುವ ಧೈರ್ಯ ಈ ಬರಹಕ್ಕಿಲ್ಲ. ಅದರ ಹಿಂದೆಯೇ ಉಪ್ಪು ಹಾಕಿದ ನೀರು ಮಜ್ಜಿಗೆ ಇರಲಿ. ತಾಸುಗಟ್ಟಲೆ ಬೆವರಿಳಿಸಿ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪು ತೆಳುವಾಗಬಹುದು. ಬೇಸಿಗೆಯಲ್ಲಿ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯುವ ಹಿರಿಯರ ರೂಢಿ ಒಳ್ಳೆಯದೇ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಉಪ್ಪಿನ ಮಾತನ್ನು ವೈದ್ಯರ ಬಳಿ ಆಡಿಕೊಳ್ಳಬೇಕು.

ಜೂನ್ ಹತ್ತಿರ ಬಂದು ಮೋಡ ಕಟ್ಟಿದಾಗ ತಾಪ ನಾಲ್ಕೈದು ಡಿಗ್ರಿ ಇಳಿದರೂ ಜೀವಕ್ಕೆ ನೆಮ್ಮದಿಯಿಲ್ಲ. ಗಾಳಿಯಲ್ಲಿ ತೇವ ತುಂಬಿ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ನೀರು ನಷ್ಟ, ತಂಪು ಸೊನ್ನೆ. ರಾತ್ರಿಯೂ ಬಿಡುವಿಲ್ಲ: ಊರ ಪಕ್ಕದ ಬಂಡೆಗುಡ್ಡ, ತಲೆ ಮೇಲಿನ ಕಾಂಕ್ರೀಟ್ ಚಾವಣಿ ಹಗಲಿನ ಕಾವನ್ನು ನಿಧಾನಕ್ಕೆ ಉಗುಳುತ್ತವೆ. ನಿದ್ದೆ ಹತ್ತಲು ಮೈಯೊಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಅದು ಇಳಿಯದೆ ಹೊರಳಾಡಿದವರು ಮರುದಿನ ಅರ್ಧ ದಣಿದೇ ಕೆಲಸಕ್ಕೆ ಹೊರಡುತ್ತಾರೆ.

ಬಿಸಿಲಲ್ಲಿ ಇದ್ದವರ ಮಾತು ತೊದಲಿದರೆ, ತಿಕ್ಕಲು ತಿಕ್ಕಲಾಗಿ ಆಡಿದರೆ, ಮೈ ಕಾದ ಹೆಂಚಾದರೆ ಅದು ಸುಸ್ತಲ್ಲ. ಒಳಗಿನ ಬಿಸಿ 40 ಡಿಗ್ರಿ ಮೀರಿರಬಹುದು. ಬೆವರು ಇನ್ನೂ ಬರುತ್ತಿದೆಯೆಂದು ಸುಮ್ಮನಿರಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಬಿಂದಿಗೆಗಟ್ಟಲೆ ತಣ್ಣೀರು ಮೈಮೇಲೆ ಸುರಿದು ಗಾಳಿ ಬೀಸಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೆ ನೀರು ಸುರಿಯುವುದನ್ನು ನಿಲ್ಲಿಸಬೇಡಿ.