ಕರೆಂಟಿಗೆ ಕಡಿವಾಣ ಹಾಕುವ ಸುರುಳಿ

ಶಾಲೆಯ ವಸ್ತುಪ್ರದರ್ಶನ ಹತ್ತಿರವಾದಂತೆ ಕೆಲವು ಮನೆಗಳಲ್ಲಿ ಸುಟ್ಟ ವಾಸನೆ ಏಳುವುದುಂಟು. ಪುಟ್ಟ ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ಸಾಕು. ಮಿತಿಮೀರಿ ಕರೆಂಟ್ ಹರಿದು ಸುರುಳಿ ಕಾಯುತ್ತದೆ. ಮಗುವಿನ ಉತ್ಸಾಹವೂ ಅಪ್ಪ ಕೊಟ್ಟ ಹಣವೂ ಹೊಗೆಯಾಗುತ್ತವೆ. ಇದಕ್ಕೊಂದು ಉಪಾಯ ಹಳೆಯ ಟ್ಯೂಬ್‌ಲೈಟಿನ ಪಟ್ಟಿಯೊಳಗೇ ಇದೆ. ಅದೇ ಚೋಕ್.

36 ವ್ಯಾಟಿನ ಟ್ಯೂಬಿಗೆ ಬೇಕಾದದ್ದು ಸುಮಾರು 103 ವೋಲ್ಟ್, 0.43 ಆಂಪಿಯರ್. ಮನೆಗೆ ಬರುವುದು 230 ವೋಲ್ಟ್. ಹೆಚ್ಚಾದದ್ದನ್ನು ರೆಸಿಸ್ಟರ್ ಹಾಕಿ ತಡೆದರೆ ಸುಮಾರು 55 ವ್ಯಾಟ್ ಬರೀ ಶಾಖವಾಗಿ ಪೋಲಾಗುತ್ತದೆ. ತಾಮ್ರದ ಚೋಕ್ ಅದೇ ಕೆಲಸವನ್ನು 10 ವ್ಯಾಟಿನ ಆಸುಪಾಸಿನಲ್ಲಿ ಮುಗಿಸುತ್ತದೆ.

ಅದು ಹೇಗೆ? ಸುರುಳಿಯಲ್ಲಿ ಕರೆಂಟ್ ಬದಲಾದಾಗ ಅದರ ಕಾಂತಕ್ಷೇತ್ರವೂ ಬದಲಾಗಿ, ಆ ಬದಲಾವಣೆಯನ್ನೇ ವಿರೋಧಿಸುವ ವೋಲ್ಟೇಜ್ ಹುಟ್ಟುತ್ತದೆ. 1832ರಲ್ಲಿ ಇದನ್ನು ಪ್ರಕಟಿಸಿದ ಅಮೆರಿಕದ ಜೋಸೆಫ್ ಹೆನ್ರಿಯ ಹೆಸರೇ ಈ ಗುಣದ ಅಳತೆಗೂ ಬಂದಿದೆ. ಜಾತ್ರೆಯ ತೇರನ್ನು ನೆನಪಿಸಿಕೊಳ್ಳಿ. ಒಂದೇ ದಿಕ್ಕಿಗೆ ಎಳೆಯುತ್ತಿದ್ದರೆ ಅದು ನಿಧಾನವಾಗಿ ವೇಗ ಪಡೆಯುತ್ತದೆ. ಕ್ಷಣಕ್ಷಣಕ್ಕೂ ಹಿಂದೆ ಮುಂದೆ ಜಗ್ಗಿದರೆ ಇದ್ದಲ್ಲೇ ಅಲುಗುತ್ತದೆ, ಅಷ್ಟೆ. ನಮ್ಮ ಮನೆಯ ಎ.ಸಿ. ವಿದ್ಯುತ್ತು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ.

ಲೆಕ್ಕವೂ ಸುಲಭ. 50 ಹರ್ಟ್ಸ್‌ನಲ್ಲಿ ಒಂದು ಹೆನ್ರಿ ಒಡ್ಡುವ ತಡೆ 314 ಓಮ್. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆದರೂ 1 ಆಂಪಿಯರ್ ದಾಟಬಾರದೆಂದರೆ 12 ಓಮ್ ತಡೆ, ಅಂದರೆ ಸುಮಾರು 38 ಮಿಲಿಹೆನ್ರಿ ಬೇಕು.

ಕೆಟ್ಟ ಟ್ರಾನ್ಸ್‌ಫಾರ್ಮರಿನಿಂದ 'ಇ' ಮತ್ತು 'ಐ' ಆಕಾರದ ಕಬ್ಬಿಣದ ಪಟ್ಟಿಗಳನ್ನು ಬಿಡಿಸಿಕೊಳ್ಳಿ. ನಡುಗಾಲು, ಜೋಡಿಸಿದ ದಪ್ಪ ಎರಡೂ 2.5 ಸೆಂಟಿಮೀಟರ್ ಇದ್ದರೆ, ಬಾಬಿನ್ ಮೇಲೆ 22 ಗೇಜಿನ ಎನಾಮಲ್ ತಂತಿಯನ್ನು 160 ಸುತ್ತು ಸುತ್ತಬೇಕು. 'ಇ'ಗಳೆಲ್ಲ ಒಂದು ಕಡೆ, 'ಐ'ಗಳೆಲ್ಲ ಇನ್ನೊಂದು ಕಡೆ. ನಡುವೆ ಕಾಲು ಮಿಲಿಮೀಟರ್ ದಪ್ಪದ ಕಾಗದ. ಈ ಕಾಗದವೇ ಕರೆಂಟಿನ ನಲ್ಲಿ! ದಪ್ಪ ಹೆಚ್ಚಿದರೆ ಕರೆಂಟ್ ಹೆಚ್ಚುತ್ತದೆ, ತೆಳುವಾದರೆ ತಗ್ಗುತ್ತದೆ.

12 ವೋಲ್ಟ್, 10 ವ್ಯಾಟಿನ ಬೈಕ್ ಬಲ್ಬನ್ನು ಈ ಚೋಕ್‌ನೊಂದಿಗೆ ಸರಣಿಯಲ್ಲಿ ಜೋಡಿಸಿ. ಬಲ್ಬು ಮಂಕಾಗಿ ಉರಿಯುತ್ತದೆ. 'ಐ' ಪಟ್ಟಿಗಳನ್ನು ದೂರ ಸರಿಸಿದರೆ ಪ್ರಕಾಶಿಸುತ್ತದೆ. ಟ್ರಾನ್ಸ್‌ಫಾರ್ಮರಿನ ಬದಲು ಬ್ಯಾಟರಿ ಜೋಡಿಸಿದರೆ ಚೋಕ್ ಹೆಚ್ಚುಕಡಿಮೆ ಬರೀ ತಂತಿ, ಬಲ್ಬು ಮಂಕಾಗದು. ಆದ್ದರಿಂದಲೇ ಬಲ್ಬಿಲ್ಲದೆ ಇದನ್ನು ಬ್ಯಾಟರಿಗೆ ಜೋಡಿಸಕೂಡದು.

ಪೋಷಕರಿಗೊಂದು ಮಾತು. ಪ್ರಯೋಗವೆಲ್ಲ 12 ವೋಲ್ಟಿನ ಕಡೆಯಲ್ಲೇ ನಡೆಯಲಿ. 230 ವೋಲ್ಟಿನ ಕಡೆಗೆ ಫ್ಯೂಸ್ ಹಾಕಿ, ಪೆಟ್ಟಿಗೆಯೊಳಗೆ ಭದ್ರಪಡಿಸುವುದು ಬಲ್ಲ ಹಿರಿಯರ ಕೆಲಸ. ಕೈಯಾರೆ ಸುತ್ತಿದ 160 ಸುತ್ತುಗಳು ಕೆಲಸ ಮಾಡುವುದನ್ನು ಕಂಡ ಮಗುವಿಗೆ ಆ ಸೂತ್ರವನ್ನು ಮತ್ತೆ ಉರುಹೊಡೆಯಬೇಕಾಗಿಲ್ಲ.