ಹಳೇ ಗಾಡಿಗೆ ಹೊಸ ಗುಂಡಿಗೆ

ಅಮೆರಿಕಕ್ಕೆ ಬಂದ ಕನ್ನಡಿಗರಲ್ಲಿ ಕೆಲವರು ಗಾಲ್ಫ್ ಕಲಿಯುತ್ತಾರೆ, ಕೆಲವರು ಹಿತ್ತಿಲಲ್ಲಿ ಬಸಳೆ ಬೆಳೆಸುತ್ತಾರೆ. ನನಗೆ ಹಿಡಿದದ್ದು ಹಳೇ ವಾಹನಗಳ ಹುಚ್ಚು. ನಮ್ಮ ಗರಾಜಿನಲ್ಲಿರುವುದು 1950ರ ಷೆವ್ರೊಲೆ 3100 ಪಿಕಪ್ ಟ್ರಕ್. "ರೀ, ಇದಕ್ಕೆ ಸುರಿದ ದುಡ್ಡಲ್ಲಿ ಎರಡು ಸಲ ಊರಿಗೆ ಹೋಗಿ ಬರಬಹುದಿತ್ತು" ಎನ್ನುವುದು ನನ್ನವಳ ನಿತ್ಯದ ಮಂಗಳಾರತಿ!

ಕಳೆದ ವರ್ಷ ಎಂಜಿನ್ನಿನ ಒಳಗಿಂದ ಕಟಕಟ ಸದ್ದು ಶುರುವಾಯಿತು. ಅದು 216 ಘನ ಇಂಚಿನ (ಸುಮಾರು 3.5 ಲೀಟರ್), ಆರು ಸಿಲಿಂಡರಿನ ಎಂಜಿನ್. ಅದರ ಬೇರಿಂಗುಗಳು ಅಂಗಡಿಯಿಂದ ತಂದು ಕೂರಿಸುವಂಥವಲ್ಲ. ಬ್ಯಾಬಿಟ್ ಎಂಬ ಮೆದು ಮಿಶ್ರಲೋಹವನ್ನು ಕರಗಿಸಿ ಹೊಯ್ದಂಥವು. ಕನೆಕ್ಟಿಂಗ್ ರಾಡುಗಳಿಗೆ ಎಣ್ಣೆ ಪೂರ್ಣ ಒತ್ತಡದಲ್ಲಿ ತಲುಪುವುದೂ ಇಲ್ಲ. ಅವು ಸೌಟಿನಂತೆ ತಾವೇ ಮೊಗೆದುಕೊಳ್ಳಬೇಕು. ಬ್ಯಾಬಿಟ್ ಹೊಯ್ಯಬಲ್ಲವರು ಈಗ ಅಪರೂಪ. ಗಾಡಿಯನ್ನು ಗುಜರಿಗೆ ಹಾಕಬೇಕು, ಇಲ್ಲವೇ ಗುಂಡಿಗೆಯನ್ನೇ ಬದಲಿಸಬೇಕು. ಮಗ ಆಗಸ್ಟಿನಲ್ಲಿ ಕಾಲೇಜಿಗೆ ಹೊರಡುವವನಿದ್ದ. ಇಬ್ಬರೂ ಸೇರಿ ಮಾಡುವುದಾದರೆ ಆ ಬೇಸಿಗೆಯಲ್ಲೇ ಆಗಬೇಕಿತ್ತು.

"350 ವಿ-8 ಹಾಕೋಣ ಅಪ್ಪ" ಎಂದ ಮಗ. ಆಸೆಯೇನೋ ಸರಿ. ಆದರೆ 1954ರವರೆಗಿನ ಈ ಟ್ರಕ್ಕುಗಳಲ್ಲಿ ಡ್ರೈವ್ ಶಾಫ್ಟ್ ಒಂದು ಕೊಳವೆಯೊಳಗೆ ಅಡಗಿ ಗೇರ್‌ಬಾಕ್ಸಿಗೆ ಸೇರಿಕೊಂಡಿರುತ್ತದೆ. ವಿ-8 ತಂದರೆ ಗೇರ್‌ಬಾಕ್ಸ್, ಶಾಫ್ಟ್, ಹಿಂದಿನ ಆಕ್ಸಲ್ ಎಲ್ಲಕ್ಕೂ ಕೈ ಹಾಕಬೇಕಾದೀತು. ಕೊನೆಗೆ ಅದೇ ವಂಶದ 235 ಘನ ಇಂಚಿನ ಎಂಜಿನ್ನಿಗೆ ಇಬ್ಬರೂ ಒಪ್ಪಿದೆವು. 1957ರ ಷೆವ್ರೊಲೆ ಕಾರೊಂದರಿಂದ ಅದು ಸಿಕ್ಕಿತು. ಇದರಲ್ಲಿ ಎಣ್ಣೆ ಒತ್ತಡದಿಂದಲೇ ಎಲ್ಲೆಡೆ ಹರಿಯುತ್ತದೆ, ಬೇರಿಂಗುಗಳನ್ನು ಬದಲಿಸಬಹುದು.

ವಂಶ ಒಂದೇ ಆದರೂ ಜಾತಕ ಕೂಡಬೇಕಲ್ಲ! 1955ರ ನಂತರದ ವಾಟರ್ ಪಂಪು ಉದ್ದ. ಫ್ಯಾನು ರೇಡಿಯೇಟರಿಗೆ ತಾಗುತ್ತದೆ. ನಡುವೆ ಅಡಾಪ್ಟರ್ ತಟ್ಟೆ ಇಟ್ಟು ಹಳೆಯ ಗಿಡ್ಡ ಪಂಪನ್ನೇ ಕೂರಿಸಿದೆವು. ಕಾರು 12 ವೋಲ್ಟಿನದು, ಟ್ರಕ್ಕು 6 ವೋಲ್ಟಿನದು. ಫ್ಲೈವೀಲಿನ ಹಲ್ಲುಗಳೂ ಬೇರೆ: ಹಳೆಯದಕ್ಕೆ 139, ಹೊಸದಕ್ಕೆ 168. ಹಾಗಾಗಿ ಟ್ರಕ್ಕಿನ ಫ್ಲೈವೀಲು, ಸ್ಟಾರ್ಟರ್, ಜನರೇಟರ್ ಮೂರನ್ನೂ ಉಳಿಸಿಕೊಂಡೆವು.

ಕಾಗದಪತ್ರದ ವಿಷಯವೂ ಇದೆ. ಆ ಕಾಲದಲ್ಲಿ ಹಲವು ರಾಜ್ಯಗಳು ವಾಹನವನ್ನು ಎಂಜಿನ್ ನಂಬರಿನ ಮೇಲೆಯೇ ನೋಂದಾಯಿಸುತ್ತಿದ್ದವು. ಎಂಜಿನ್ ಬದಲಾದರೆ ಕಾಗದದಲ್ಲಿ ಗಾಡಿಯೇ ಬೇರೆ! ನಮ್ಮ ಟೈಟಲ್‌ನಲ್ಲಿದ್ದದ್ದು ಬಾಗಿಲ ಕಂಬದ ತಗಡಿನ ನಂಬರು, ಬಚಾವಾದೆವು. ಇಂಥ ಗಾಡಿ ಕೊಳ್ಳುವವರು ಮೊದಲು ಇದನ್ನು ನೋಡಿಕೊಳ್ಳಿ.

ಜುಲೈ ಕೊನೆಯ ಶನಿವಾರ ಎಂಜಿನ್ ಸ್ಟಾರ್ಟ್ ಆಯಿತು. ಕಟಕಟ ಹೋಗಿ ಹೊಲಿಗೆ ಯಂತ್ರದಂಥ ಸದ್ದು. ವೇಗ ಮಾತ್ರ ಹೆಚ್ಚೇನೂ ಏರಲಿಲ್ಲ. ಹಿಂದಿನ ಆಕ್ಸಲಿನ ಅನುಪಾತ 4.11 ಇರುವ ತನಕ ಗಂಟೆಗೆ 50 ಮೈಲಿಯೇ ಅದಕ್ಕೆ ಹಿತ. ಆಗಸ್ಟಿನಲ್ಲಿ ಮಗನ ಹಾಸಿಗೆ, ಪುಸ್ತಕ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಎಲ್ಲ ಆ ಟ್ರಕ್ಕಿನಲ್ಲೇ ಹಾಸ್ಟೆಲ್ ಸೇರಿದವು. ದಾರಿಯುದ್ದಕ್ಕೂ ಅವನೇ ಓಡಿಸಿದ. ನಾನು ಪಕ್ಕದಲ್ಲಿ ಕೂತು ಎಣ್ಣೆಯ ಮೀಟರು ನೋಡುತ್ತಿದ್ದೆ.